ಅಮ್ಮನ ಕೋಣೆಗೆ ಬೂದಿಹಸಿರೋ, ಗಂಧವೋ

ಹನುಮಂತನಗರದ ನಮ್ಮ ಮನೆಯಲ್ಲಿ ಉತ್ತರದ ಕೋಣೆ ಅಮ್ಮನದು. 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಒಂದು ಬಾಗಿಲು, ಒಂದು ಕಿಟಕಿ, ರೆಡ್ ಆಕ್ಸೈಡ್ ನೆಲ. ಗೋಡೆಗೆ ಯಾವ ಕಾಲದ್ದೋ ಆಕಾಶನೀಲಿ ಡಿಸ್ಟೆಂಪರ್. ಕೈ ಸವರಿದರೆ ಅಂಗೈಯೆಲ್ಲ ನೀಲಿ, ಒರಗಿ ಕೂತರೆ ಸೀರೆಯೆಲ್ಲ ನೀಲಿ. ಯುಗಾದಿಯೊಳಗೆ ಇದಕ್ಕೊಂದು ಗತಿ ಕಾಣಿಸಬೇಕು ಅಂತ ಜನವರಿ ಕೊನೆಗೆ ನಾನು ಮತ್ತು ತಮ್ಮ ಕೆಲಸಕ್ಕೆ ಇಳಿದೆವು.

ಒಳಗೆ ಬಣ್ಣ ಹಚ್ಚುವುದಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಕಾಲ ಇದೇ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜಾಸ್ತಿ. ಆ ತೇವ ಹಳೆಯ ಗೋಡೆಯಿಂದ ಆರಿ ಹೋಗುವುದಕ್ಕೆ ಡಿಸೆಂಬರ್ ದಾಟಬೇಕು. ದೀಪಾವಳಿಗೆ ಅಂತ ಅವಸರದಲ್ಲಿ ಹಸಿ ಗೋಡೆಗೆ ಹಚ್ಚಿದ ಬಣ್ಣ ಮುಂದಿನ ದೀಪಾವಳಿಗೆ ಗುಳ್ಳೆ ಎದ್ದಿರುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಮೊದಲು ಕೆರೆಯುವ ಕೆಲಸ. ಡಿಸ್ಟೆಂಪರ್ ಮೇಲೆ ನೇರವಾಗಿ ಎಮಲ್ಷನ್, ಅಂದರೆ ಈಗ ಒಳಗೋಡೆಗೆ ಹಚ್ಚುವ ಪುಡಿ ಬಿಡದ ಬಣ್ಣ, ಹಚ್ಚಿದರೆ ಅದು ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಪುಡಿಯನ್ನು. ಸ್ಪಂಜಿನಲ್ಲಿ ನೀರು ಒತ್ತಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಸ್ಕ್ರೇಪರ್‌ನಲ್ಲಿ ಎಳೆದರೆ ನೀಲಿ ಕೆಸರಾಗಿ ಇಳಿಯುತ್ತದೆ. ಒಣಗಿದ್ದಾಗ ಉಜ್ಜಿದರೆ ಮನೆ ತುಂಬ ಧೂಳು. ಕೆರೆದಾದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಸರಕ್ಕನೆ ಕಿತ್ತು ನೋಡಬೇಕು. ಟೇಪಿನ ಹಿಂದೆ ಪುಡಿ ಬಂದರೆ ಇನ್ನೂ ಕೆರೆಯಬೇಕು ಅಂತ ಅರ್ಥ.

ಮಂಚದ ತಲೆದಿಸೆಯ ಗೋಡೆಯಲ್ಲಿ ಕೊಬ್ಬರಿ ಎಣ್ಣೆಯ ಕಲೆ ಇತ್ತು. ವರ್ಷಗಟ್ಟಲೆ ತಲೆ ಒರಗಿಸಿದ್ದಲ್ವಾ. ಅದನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತಿಕ್ಕಿ, ತೊಳೆದು, ಒಣಗಿಸಿ, ಆಮೇಲೆ ಸ್ಯಾಂಡ್ ಪೇಪರ್ ಹಿಡಿದೆವು. ಎಣ್ಣೆ ಉಳಿದರೆ ಪುಟ್ಟಿಯೂ ನಿಲ್ಲುವುದಿಲ್ಲ. ಬಚ್ಚಲಿಗೆ ತಾಗಿದ ಗೋಡೆಯ ಬುಡದಲ್ಲಿ ಉಪ್ಪು ಏರಿ ಗಾರೆ ಪೊಳ್ಳಾಗಿತ್ತು. ತಟ್ಟಿದರೆ ಡೊಬಡೊಬ ಶಬ್ದ. ಅಷ್ಟನ್ನು ಒಡೆದು ತೆಗೆಸಿ, ಆ ಕಡೆ ಸೋರುತ್ತಿದ್ದ ನಲ್ಲಿ ಪೈಪ್ ಸರಿಮಾಡಿಸಿ, ಹೊಸ ಗಾರೆ ಹಾಕಿಸಿದೆವು. ಹೊಸ ಸಿಮೆಂಟ್ ಗಾರೆಗೆ ಬಣ್ಣ ಹಚ್ಚುವ ಮುಂಚೆ 28 ದಿನ ಬಿಡಬೇಕು. ಸಿಮೆಂಟಿನ ಕ್ಷಾರ ಇಳಿಯದಿದ್ದರೆ ಬಣ್ಣ ಸುಟ್ಟ ಹಾಗೆ ಮಾಸಲಾಗುತ್ತದೆ.

ಹಾಗಾಗಿ ಒಂದು ತಿಂಗಳು ಬಿಡುವು. ಬಣ್ಣದ ಜಗಳಕ್ಕೆ ಅಷ್ಟು ಸಮಯ ಧಾರಾಳ.

ಎರಡು ಬಣ್ಣ

ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಎರಡು ಉಳಿದವು. ಒಂದು ಬೂದು ಬೆರೆತ ತಿಳಿಹಸಿರು. ಇದು ನನ್ನ ಆಯ್ಕೆ. ಮನೆಯಲ್ಲಿ ಅದಕ್ಕೆ ಬೂದಿಹಸಿರು ಅಂತಲೇ ಹೆಸರು ಬಿತ್ತು. ಇನ್ನೊಂದು ತೇಯ್ದ ಗಂಧದ ತಿಳಿ ಬಣ್ಣ. ಇದು ತಮ್ಮನದು. ಚಾವಣಿ ಕೆಲಸದ ರೇಟು ಕೇಳೋಣ ಅಂತ ಕರೆಸಿದ್ದ ಪೇಂಟರ್ ಕೂಡ ತಮ್ಮನ ಪಕ್ಷ. "ಗಂಧ ಹಾಕ್ಬಿಡಿ ಮೇಡಂ, ಎಲ್ರೂ ಅದೇ ಹಾಕ್ಸೋದು. ಯಾವತ್ತೂ ಕಂಪ್ಲೇಂಟ್ ಬರಲ್ಲ."

ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಗೋಡೆಯ ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಎಲ್‌ಆರ್‌ವಿ ಅಂತಾರೆ. ಕಡುಕಪ್ಪಿಗೆ 0, ಅಚ್ಚ ಬಿಳಿಗೆ 100. ಕಂಪನಿಗಳು ಒಂದೊಂದು ಶೇಡಿಗೂ ಇದನ್ನು ಕೊಟ್ಟಿರುತ್ತವೆ. ನಮ್ಮ ಗಂಧದ್ದು 70ರ ಹತ್ತಿರ, ಬೂದಿಹಸಿರಿನದು 50ರ ಆಸುಪಾಸು. ಉತ್ತರದ ಕೋಣೆ, ವಯಸ್ಸಾದವರು ಇರುವ ಕೋಣೆ. ಬರೀ ಈ ಅಂಕಿ ನೋಡಿದರೆ ಗಂಧವೇ ಸರಿ.

ಆದರೆ ಅಂಕಿ ಹೇಳುವುದು ಎಷ್ಟು ಬೆಳಕು ಅಂತ ಮಾತ್ರ. ಎಂಥ ಬೆಳಕು ಅಂತ ಹೇಳುವುದಿಲ್ಲ. ಈ ಕೋಣೆಯ ಗುಟ್ಟೆಲ್ಲ ಇರುವುದು ಅಲ್ಲೇ.

ಕಿಟಕಿಯಾಚೆ

ಪಕ್ಕದ ಮನೆ ಮೊದಲು ನಮ್ಮದರ ಹಾಗೇ ಒಂದಂತಸ್ತಿನದು. ಈಗ ಮೂರಂತಸ್ತು. ಅವರು ಬಿಟ್ಟ ಮೂರಡಿ, ನಾವು ಬಿಟ್ಟ ಮೂರಡಿ, ಒಟ್ಟು ಆರಡಿ ಸಂದು. ಅವರ ಗೋಡೆಗೆ ಹೋದ ವರ್ಷ ಕಿತ್ತಳೆ ಬಣ್ಣ ಬಂತು. ಮಾಸಲು ಕಿತ್ತಳೆಯಲ್ಲ, ದೂರದಿಂದಲೇ ಕಾಣುವ ಕಿತ್ತಳೆ. ಅವರ ಗೋಡೆ, ಅವರ ಇಷ್ಟ. ಆದರೆ ಅಮ್ಮನ ಕಿಟಕಿಯಲ್ಲಿ ಆಕಾಶ ಕಾಣುವುದು ಮೇಲೆ ಒಂದು ಪಟ್ಟಿಯಷ್ಟು. ಉಳಿದ ಬೆಳಕೆಲ್ಲ ಆ ಗೋಡೆಗೆ ಬಡಿದೇ ಒಳಗೆ ಬರಬೇಕು. 30/40 ಸೈಟುಗಳ ಬೆಂಗಳೂರಿನಲ್ಲಿ ಅರ್ಧ ಜನರ ಕಿಟಕಿಗಳ ಕಥೆ ಇದೇ. ಬಣ್ಣದ ಪುಸ್ತಕಗಳಲ್ಲಿ 'ಉತ್ತರದ ಬೆಳಕು ತಣ್ಣಗೆ, ನೀಲಿ ಛಾಯೆಯದು' ಅಂತ ಬರೆದಿರುತ್ತಾರೆ. ಅದು ಕಿಟಕಿಯಾಚೆ ಆಕಾಶ ಇದ್ದವರಿಗೆ.

ಇನ್ನೊಂದು ವಿಷಯ. ಆ ಪುಸ್ತಕಗಳು ಹೆಚ್ಚಾಗಿ ಯುರೋಪು, ಅಮೆರಿಕದ ಲೆಕ್ಕದವು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಒಮ್ಮೆ, ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಬಾಟಲಿ, ಕೋಲು ನಿಲ್ಲಿಸಿ ಫೋಟೊ ತೆಗೆಯುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ.

ಇದರಿಂದ ನಮ್ಮ ಕೋಣೆಗೆ ಏನಾಗುತ್ತದೆ ಅಂದರೆ, ಚಳಿಗಾಲದಲ್ಲಿ ಬಿಸಿಲು ನಮ್ಮ ಒಂದಂತಸ್ತಿನ ತಾರಸಿ ದಾಟಿ ಪಕ್ಕದವರ ದಕ್ಷಿಣದ ಗೋಡೆಗೆ ನೇರವಾಗಿ ಬೀಳುತ್ತದೆ. ಆಗ ಆ ಕಿತ್ತಳೆ ಗೋಡೆಯೇ ನಮಗೆ ದೀಪ. ಮೇ, ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಾಗ ಅದೇ ಗೋಡೆ ನೆರಳಿಗೆ ಬರುತ್ತದೆ, ಕೋಣೆ ಮಂಕಾಗುತ್ತದೆ. ಬೇಸಿಗೆಗಿಂತ ಚಳಿಗಾಲದಲ್ಲೇ ಈ ಕೋಣೆಯಲ್ಲಿ ಬೆಳಕು ಜಾಸ್ತಿ ಅಂತ ಅಮ್ಮ ಹೇಳುತ್ತಲೇ ಇದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೇ.

ಹಲಗೆಗಳು

ಶೇಡ್ ಕಾರ್ಡಿನ ಚೌಕ ಎರಡು ಬೆರಳಗಲ. ಅದರಿಂದ ಕೋಣೆಯನ್ನು ಊಹಿಸಲು ಆಗುವುದಿಲ್ಲ. ಗೋಡೆಯ ಮೇಲೆ ನೇರವಾಗಿ ತೇಪೆ ಹಚ್ಚಿ ನೋಡುವುದೂ ನನಗೆ ಒಪ್ಪಿಗೆಯಿಲ್ಲ. ಕೆರೆದ ಮೇಲೂ ನಮ್ಮ ಗೋಡೆಯಲ್ಲಿ ನೀಲಿಯ ಮಚ್ಚೆಗಳಿದ್ದವು. ನೀಲಿಯ ಪಕ್ಕದಲ್ಲಿ ಗಂಧ ಇಟ್ಟರೆ ಅದು ಇರುವುದಕ್ಕಿಂತ ಕೆಂಪಗೆ ಕಾಣುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರ ಜೊತೆ ಹೋಲಿಸಿಯೇ ನೋಡುತ್ತದೆ.

ಹಾಗಾಗಿ ಹಾರ್ಡ್‌ಬೋರ್ಡ್ ತರಿಸಿ ಎರಡಡಿಗೆ ಮೂರಡಿಯ ಎರಡು ಹಲಗೆ ಕೊಯ್ಯಿಸಿದೆವು. ಒಂದು ಕೋಟ್ ಪ್ರೈಮರ್, ಮೇಲೆ ಎರಡು ಕೋಟ್ ಸ್ಯಾಂಪಲ್ ಡಬ್ಬಿಯ ಬಣ್ಣ. ಬ್ರಷ್ ಅಲ್ಲ, ಗೋಡೆಗೆ ಬಳಸುವ ರೋಲರ್‌ನಲ್ಲೇ. ರೋಲರಿನ ಸಣ್ಣ ತರಿ ಬೆಳಕನ್ನು ಬೇರೆ ಥರ ಚದುರಿಸುತ್ತದೆ. ಸುತ್ತ ಎರಡಿಂಚು ಪ್ರೈಮರ್ ಬಿಳಿಯನ್ನೇ ಅಂಚಾಗಿ ಬಿಟ್ಟೆವು, ಹಿನ್ನೆಲೆಯ ಬಣ್ಣ ಮೋಸ ಮಾಡಬಾರದು ಅಂತ. ಜೊತೆಗೆ ಎರಡೂ ಬಣ್ಣವನ್ನು ಒಂದೊಂದು ಚಾರ್ಟ್ ಪೇಪರಿಗೆ ಹಚ್ಚಿ, ನಡುವೆ ಮಡಚಿ, ಕೋಣೆಯ ಮೂಲೆಗೆ ಕೂರಿಸಿದೆವು. ಮೂಲೆಯಲ್ಲಿ ಒಂದು ಗೋಡೆಯ ಬಣ್ಣ ಇನ್ನೊಂದಕ್ಕೆ ಬಡಿದು ಎರಡೂ ಗಾಢವಾಗುತ್ತವೆ. ಕಾರ್ಡಿನಲ್ಲಿ ತಿಳಿಯಾಗಿದ್ದದ್ದು ಗೋಡೆಗೆ ಬಂದ ಮೇಲೆ 'ಅಯ್ಯೋ ಜಾಸ್ತಿ ಆಯ್ತು' ಅನಿಸುವುದು ಇದಕ್ಕೇ.

ಹಲಗೆಯ ದೊಡ್ಡ ಲಾಭ ಅಂದರೆ ಓಡಾಡಿಸಬಹುದು. ಕಿಟಕಿಯ ಎದುರು ಗೋಡೆ, ಕಿಟಕಿ ಇರುವ ಗೋಡೆ, ಮೇಲೆ, ಕೆಳಗೆ, ಮಂಚದ ಹಿಂದೆ. ಕಿಟಕಿ ಇರುವ ಗೋಡೆ ಯಾವಾಗಲೂ ಕತ್ತಲು, ಅದರ ಮೇಲೆ ಬೆಳಕು ನೇರವಾಗಿ ಬೀಳುವುದೇ ಇಲ್ಲ. ಅಲ್ಲಿ ಬೂದಿಹಸಿರು ಬರೀ ಬೂದಿಯಾಗಿ ಕಂಡಿತು.

ಫೋನಿನಲ್ಲಿ ಫೋಟೊ ತೆಗೆದು ಅತ್ತಿಗೆಗೆ, ಚಿಕ್ಕಮ್ಮನಿಗೆ ಕಳಿಸಿ ವೋಟ್ ಹಾಕಿಸುವ ಯೋಚನೆ ತಮ್ಮನದು. ನಾನು ಬೇಡ ಅಂದೆ. ಫೋನಿನ ಕ್ಯಾಮೆರಾ ತಾನಾಗಿಯೇ ಬಿಳಿಯನ್ನು ಬಿಳಿ ಮಾಡಲು ನೋಡುತ್ತದೆ. ಕಿತ್ತಳೆ ಛಾಯೆಯನ್ನು ಅದೇ ತೆಗೆದುಹಾಕಿ ಫೋಟೊ ಕೊಡುತ್ತದೆ. ನಾವು ನೋಡಬೇಕಾಗಿದ್ದದ್ದೇ ಆ ಛಾಯೆ.

ಬಿಳಿ ದುಪ್ಪಟಿ

ಒಂದು ಭಾನುವಾರ ಮಧ್ಯಾಹ್ನ ಎರಡೂ ಹಲಗೆಗಳನ್ನು ಕಿಟಕಿಯ ಎದುರು ಗೋಡೆಗೆ, ನೆಲಕ್ಕೆ ತಾಗಿಸಿ ನಿಲ್ಲಿಸಿದೆವು. ಪಕ್ಕದ ಗೋಡೆಗೆ ಪೂರ್ತಿ ಬಿಸಿಲು. ಗಂಧದ ಹಲಗೆ ಗಂಧವಾಗಿ ಉಳಿದಿರಲಿಲ್ಲ. ಮೇಲರ್ಧ ಪೀಚ್ ಹಣ್ಣಿನ ಬಣ್ಣ, ಕೆಳಗರ್ಧ ನಸುಗೆಂಪು. ತಳದ ಒಂದಡಿ ಅಂತೂ ಗುಲಾಬಿಯೇ. ತಮ್ಮ ಸ್ಯಾಂಪಲ್ ಡಬ್ಬಿ ಎತ್ತಿ ನಂಬರ್ ನೋಡಿದ. ನಂಬರ್ ಸರಿಯಾಗೇ ಇತ್ತು.

ಮೇಲಿನ ಪೀಚ್ ಪಕ್ಕದ ಗೋಡೆಯದು, ಗೊತ್ತಾಯಿತು. ಕೆಳಗಿನ ಗುಲಾಬಿ ಎಲ್ಲಿಂದ? ಅಮ್ಮ ಮಂಚದ ಮೇಲಿಂದಲೇ ಹೇಳಿದರು. "ನೆಲ ಕಣೇ. ನೆಲ ಹೊಳೀತಿಲ್ವಾ?"

ಬೀರುವಿನಿಂದ ಬಿಳಿ ದುಪ್ಪಟಿ ತೆಗೆದು ಹಲಗೆಯ ಮುಂದೆ ನೆಲದ ಮೇಲೆ ಹಾಸಿದೆ. ಗುಲಾಬಿ ಅಲ್ಲೇ ಮಾಯ. ದುಪ್ಪಟಿ ಎಳೆದರೆ ಮತ್ತೆ ಗುಲಾಬಿ. ಹಾಸಿದರೆ ಮಾಯ, ಎಳೆದರೆ ಹಾಜರ್. ತಮ್ಮನಿಗೆ ಇದು ಎಷ್ಟು ಹಿಡಿಸಿತು ಅಂದರೆ ಹತ್ತು ಸಲ ಮಾಡಿದ. ರೆಡ್ ಆಕ್ಸೈಡ್ ಅಂದರೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ ಉಜ್ಜಿ ಉಜ್ಜಿ ನುಣುಪು ಮಾಡಿದ ನೆಲ. ದಶಕಗಳ ಕಾಲ ಒರೆಸಿದ್ದಕ್ಕೆ ನಮ್ಮದು ಕನ್ನಡಿಯಾಗಿದೆ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ, ಹಸಿರನ್ನು ಅದು ನುಂಗಿ, ಕೆಂಪನ್ನಷ್ಟೇ ಗೋಡೆಯ ಬುಡಕ್ಕೆ ಎಸೆಯುತ್ತದೆ.

ಪಕ್ಕದಲ್ಲೇ ಬೂದಿಹಸಿರಿನ ಹಲಗೆ. ಅದೂ ಬದಲಾಗಿತ್ತು, ಆದರೆ ಬೇರೆ ದಾರಿಯಲ್ಲಿ. ಹಸಿರು ಕೆಂಪನ್ನು ಎದುರಿಸುತ್ತದೆ. ಎರಡೂ ಒಂದನ್ನೊಂದು ತಗ್ಗಿಸಿ, ಉಳಿದದ್ದು ಬೆಚ್ಚಗಿನ ಬೂದು. ಇದು ಹಸಿರು ಅಂತ ಯಾರಾದರೂ ಹೇಳಿಕೊಟ್ಟರೆ ಮಾತ್ರ ಹಸಿರು. ನನಗೆ ಅಷ್ಟು ಬೂದು ಬೇಕಿರಲಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣದ ಗೋಡೆ ಅನಿಸುತ್ತಿತ್ತು. ಗಂಧದಲ್ಲಿ ಒಂದೇ ಹಲಗೆಯಲ್ಲಿ ಮೂರು ಬಣ್ಣ.

ಸಂಜೆ ನಾಲ್ಕರ ಮೇಲೆ ಬಿಸಿಲು ಪಕ್ಕದ ಗೋಡೆಯಿಂದ ಸರಿದಾಗ ಮತ್ತೆ ನೋಡಿದೆವು. ಗಂಧ ತನ್ನ ಬಣ್ಣಕ್ಕೆ ಬಂತು, ಬೂದಿಹಸಿರು ಹಸಿರಿಗೆ ತಿರುಗಿತು. ಆ ಹೊತ್ತಿನಲ್ಲಿ ಮಾತ್ರ ನೋಡಿ ಆರಿಸಿದ್ದರೆ ನಾನೂ ಗಂಧಕ್ಕೇ ಕೈ ಎತ್ತುತ್ತಿದ್ದೆ.

ಅಮ್ಮನ ಎರಡು ಕಣ್ಣು

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ವಯಸ್ಸಾದವರ ಕೋಣೆಗೆ ಬಣ್ಣ ಆರಿಸುವವರು ಇದನ್ನು ಯೋಚಿಸುವುದಿಲ್ಲ.

ಅಮ್ಮನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಎಡಗಣ್ಣಿಗೆ ಇನ್ನೂ ಆಗಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ಬಲಿತಷ್ಟೂ ಹಳದಿ, ಕಂದು. ಇದು ನಿಧಾನವಾಗಿ ಆಗುವುದರಿಂದ ಗೊತ್ತೇ ಆಗುವುದಿಲ್ಲ. ಆಪರೇಷನ್ ಮಾಡಿ ಸ್ವಚ್ಛ ಮಸೂರ ಕೂರಿಸಿದ ಮೇಲೆ ನೀಲಿ ಒಮ್ಮೆಗೇ ವಾಪಸ್ ಬರುತ್ತದೆ. ಕಟ್ಟು ಬಿಚ್ಚಿದ ದಿನ ಅಮ್ಮ ತಮ್ಮ ಬಿಳಿ ಟವೆಲ್ ನೋಡಿ "ಯಾರು ಇಷ್ಟೊಂದು ನೀಲಿ ಹಾಕಿದ್ದು?" ಅಂತ ಕೇಳಿದ್ದರು.

ಹಲಗೆಗಳ ಮುಂದೆ ಕೂರಿಸಿ ಒಂದು ಕಣ್ಣು ಮುಚ್ಚಿ ನೋಡಿ ಅಂದೆ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ: "ಇದು ಹಸಿರು, ಇದು ಗಂಧ. ಚೆನ್ನಾಗಿದೆ ಎರಡೂ." ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ: ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡೂ ಒಂದೇ ಅಲ್ವೇನೇ? ಇದು ಸ್ವಲ್ಪ ಕಪ್ಪು ಅಷ್ಟೆ." ಮತ್ತೆ ಬಲಗೈ, ಎಡಗೈ ಬದಲಿಸಿ ಬದಲಿಸಿ ನೋಡಿದರು. ಎಡಗಣ್ಣಿಗೆ ನಮ್ಮ ಬೂದಿಹಸಿರು ಒಣಹುಲ್ಲಿನ ಬಣ್ಣವಂತೆ.

ಎಡಗಣ್ಣಿನದು ಈ ವರ್ಷವೇ ಆಗುತ್ತದೆ. ಹಾಗಾಗಿ ತೀರ್ಪು ಬಲಗಣ್ಣಿನದು ಅಂತ ಇಟ್ಟುಕೊಂಡೆವು. ಆದರೆ ಬೆಳಕಿನ ವಿಷಯದಲ್ಲಿ ಎರಡೂ ಕಣ್ಣಿನ ಮಾತು ಕೇಳಲೇಬೇಕು. ವಯಸ್ಸಾದವರ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಅದೇ ಕೆಲಸಕ್ಕೆ ನಮಗಿಂತ ಅವರಿಗೆ ಬೆಳಕು ಜಾಸ್ತಿ ಬೇಕು. ಅಮ್ಮ ಬೆಳಗ್ಗೆ ಪೇಪರ್ ಓದುವುದು, ಮೊರದಲ್ಲಿ ಅಕ್ಕಿ ಆರಿಸುವುದು ಇದೇ ಕೋಣೆಯಲ್ಲಿ. ಎಲ್‌ಆರ್‌ವಿ 50ರ ಬಣ್ಣ ಹಚ್ಚಿ ಕೋಣೆ ಕತ್ತಲು ಮಾಡಿದರೆ ಛಾಯೆ ಸರಿಯಾಗಿ ಏನು ಬಂತು?

ಅರ್ಧ ಟಿಂಟ್

ಬಣ್ಣದ ಅಂಗಡಿಯಲ್ಲಿ ಒಂದು ಉಪಾಯ ಸಿಕ್ಕಿತು. ಈಗ ಹೆಚ್ಚಿನ ಬಣ್ಣಗಳು ತಯಾರಾಗಿ ಬರುವುದಿಲ್ಲ. ಬಿಳಿ ಬೇಸ್ ಡಬ್ಬಿಗೆ ಮಷೀನ್ ಹನಿ ಹನಿಯಾಗಿ ಟಿಂಟ್ ಬಿಡುತ್ತದೆ, ಆಮೇಲೆ ಡಬ್ಬಿ ಕುಲುಕುತ್ತದೆ. ಹಾಗಾದರೆ ಅದೇ ಬೇಸಿಗೆ ಅರ್ಧ ಟಿಂಟ್ ಹಾಕಿದರೆ ಅದೇ ಬಣ್ಣ ತಿಳಿಯಾಗಬೇಕಲ್ವಾ? "ಹಾಕಿಕೊಡ್ತೀನಿ, ಆದ್ರೆ ವಾಪಸ್ ತಗೊಳಲ್ಲ" ಅಂದರು ಅಂಗಡಿಯವರು. ಟಿಂಟ್ ಮಾಡಿದ ಬಣ್ಣ ಎಲ್ಲೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಒಂದು ಲೀಟರ್ ಮಾಡಿಸಿ ಮೂರನೇ ಹಲಗೆಗೆ ಹಚ್ಚಿದೆವು. ಬೆಳಕೇನೋ ಜಾಸ್ತಿ ಆಯಿತು. ಆದರೆ ಕೆಂಪನ್ನು ಎದುರಿಸುವಷ್ಟು ಹಸಿರು ಅದರಲ್ಲಿ ಉಳಿದಿರಲಿಲ್ಲ. ಮಧ್ಯಾಹ್ನ ಅದು ಕೊಳೆಯಾದ ಬಿಳಿ. ಪೇಂಟರ್ ನೋಡಿ "ಇದು ಪ್ರೈಮರಾ ಮೇಡಂ?" ಅಂದರು. ಅಲ್ಲಿಗೆ ಅರ್ಧ ಟಿಂಟ್ ಕಥೆ ಮುಗಿಯಿತು.

ದೀಪ

ರಾತ್ರಿಯ ಪರೀಕ್ಷೆ ಬೇರೆ. ಕೋಣೆಯಲ್ಲಿದ್ದದ್ದು 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್. ನಮ್ಮೂರಿನ ಹೆಚ್ಚಿನ ಮನೆಗಳಲ್ಲಿ ಇರುವುದು ಅದೇ, ಡಬ್ಬದ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಕೆಲ್ವಿನ್ ಅಂದರೆ ಬೆಳಕಿನ ಛಾಯೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಆ ಟ್ಯೂಬಿನ ಕೆಳಗೆ ಗಂಧ ಚೆನ್ನಾಗಿಯೇ ಕಂಡಿತು, ಬೂದಿಹಸಿರು ಮಾತ್ರ ಆಸ್ಪತ್ರೆ ವಾರ್ಡು. ಎಸ್.ಪಿ. ರಸ್ತೆಗೆ ಹೋಗಿ 3000ದ್ದು, 4000ದ್ದು ಎರಡೂ ತಂದ ತಮ್ಮ. 3000ದ ಹಳದಿ ಬೆಳಕಿನಲ್ಲಿ ಗಂಧ ಅರಿಶಿನಕ್ಕೆ ಹೋಯಿತು, ಹಸಿರು ಮಣ್ಣಾಯಿತು. 4000ದಲ್ಲಿ ಎರಡೂ ಹೆಚ್ಚುಕಮ್ಮಿ ತಮ್ಮ ತಮ್ಮ ಬಣ್ಣದಲ್ಲಿದ್ದವು. ಹಗಲಲ್ಲಿ ಹೊಂದುವ ಎರಡು ಬಣ್ಣ ರಾತ್ರಿ ದೀಪದಲ್ಲಿ ಹೊಂದದೇ ಇರುವುದು ಸಾಮಾನ್ಯ. ಬೆಳಕಿನಲ್ಲಿ ಯಾವ ಯಾವ ಬಣ್ಣ ಎಷ್ಟೆಷ್ಟಿದೆ ಅನ್ನುವುದು ದೀಪದಿಂದ ದೀಪಕ್ಕೆ ಬೇರೆ. ಡಬ್ಬದ ಮೇಲೆ ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ. 80 ಸಾಮಾನ್ಯ, 90 ದಾಟಿದರೆ ಬಣ್ಣಗಳು ಇನ್ನೂ ಸರಿಯಾಗಿ ಕಾಣುತ್ತವೆ. ಅಮ್ಮನ ಮಂಚದ ಪಕ್ಕಕ್ಕೆ 90ರದ್ದೇ ತೆಗೆದುಕೊಂಡೆವು.

ಇಲ್ಲಿಗೆ ನನಗೆ ದಾರಿ ಕಂಡಿತು. ಕೋಣೆಗೆ ಬೆಳಕು ಸೇರಿಸುವುದು ಸುಲಭ, ಒಂದು ದೀಪ ಜಾಸ್ತಿ ಹಾಕಿದರಾಯಿತು. ಪಕ್ಕದವರ ಗೋಡೆಯನ್ನೋ ನಮ್ಮ ನೆಲವನ್ನೋ ಬದಲಿಸುವುದು ಆಗದ ಮಾತು. ಗಂಧಕ್ಕೆ ಇರುವ ತೊಂದರೆ ನಮ್ಮ ಕೈ ಮೀರಿದ್ದು, ಬೂದಿಹಸಿರಿನದು ಕೈಯೊಳಗಿನದು. ಬೂದಿಹಸಿರೇ ಸೈ, ಪೂರ್ತಿ ಟಿಂಟ್. ಕಳೆದುಕೊಂಡ ಬೆಳಕಿಗೆ ಬದಲಾಗಿ ಚಾವಣಿಗೆ ಅಚ್ಚ ಬಿಳಿ, ಕಿಟಕಿಯ ಒಳಬದಿಗಳಿಗೂ ಬಿಳಿ. ನಮ್ಮ ಗೋಡೆ ಒಂಬತ್ತಿಂಚು ದಪ್ಪ, ಹಾಗಾಗಿ ಕಿಟಕಿಯ ಆ ಮಗ್ಗುಲುಗಳೇ ಒಂದು ಸಣ್ಣ ಗೋಡೆಯಷ್ಟು ಅಗಲ. ಹೊರಗಿನ ಬೆಳಕು ಮೊದಲು ಬಡಿಯುವುದು ಅಲ್ಲಿಗೆ. ಅಲ್ಲಿ ಬಣ್ಣ ಹಚ್ಚುವುದು ದಂಡ.

ತಮ್ಮ ಒಪ್ಪಿದನಾ ಅಂದರೆ, ಪೂರ್ತಿ ಇಲ್ಲ. ಹಾಲ್‌ಗೆ ಮುಂದಿನ ವರ್ಷ ಗಂಧವೇ ಅಂತ ಬರೆಸಿಕೊಂಡ. ಹಾಲ್ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಅಲ್ಲಿ ಮೊಸಾಯಿಕ್ ನೆಲ, ಕಿಟಕಿಯಾಚೆ ರಸ್ತೆ ಬದಿಯ ಹೊಂಗೆ ಮರ. ಎಲೆಗಳ ಮೂಲಕ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ. ಅಲ್ಲಿ ಗಂಧ ಚೆನ್ನಾಗಿರುತ್ತದೆ, ಬೂದಿಹಸಿರು ಪಾಚಿಯಾಗುತ್ತದೆ.

ಹಚ್ಚಿದ್ದು

ಲೆಕ್ಕ ಹೀಗೆ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ, ಎತ್ತರ 10, ಅಂದರೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಎರಡು ಕೋಟ್ ಹಚ್ಚಲು ಲೀಟರಿಗೆ 100ರಿಂದ 140 ಚದರಡಿ ಅಂತ ಹಿಡಿಯಬಹುದು, ಗೋಡೆ ಎಷ್ಟು ನುಣುಪು ಅನ್ನುವುದರ ಮೇಲೆ. ಹಳೆಯ ಗೋಡೆ ಅಂತ 4 ಲೀಟರಿನದು ಒಂದು, 1 ಲೀಟರಿನದು ಒಂದು ತಂದೆವು. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಚೆನ್ನಾಗಿ ಬೆರೆಸಿದೆವು. ಎರಡು ಡಬ್ಬಿಗಳ ಟಿಂಟಿನಲ್ಲಿ ಕೂದಲೆಳೆ ವ್ಯತ್ಯಾಸ ಇರಬಹುದು. ಗೋಡೆ ನಡುವೆ ಡಬ್ಬಿ ಬದಲಾದರೆ ಅದು ಪಟ್ಟೆಯಾಗಿ ಎದ್ದು ಕಾಣುತ್ತದೆ.

ಹೊಳಪಿಲ್ಲದ ಮ್ಯಾಟ್ ಬೇಕಾ, ಸ್ವಲ್ಪ ಹೊಳಪಿನದಾ ಅನ್ನುವುದರಲ್ಲಿ ಜಾಸ್ತಿ ಯೋಚಿಸಲಿಲ್ಲ. ಹೊಳಪಿನ ಗೋಡೆ ಕೆಂಪು ನೆಲವನ್ನು ಕನ್ನಡಿಯಂತೆ ತೋರಿಸುತ್ತದೆ, ಹಳೆಯ ಗಾರೆಯ ಉಬ್ಬುತಗ್ಗನ್ನೂ ತೋರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಮ್ಯಾಟ್ ಎಮಲ್ಷನ್ ತೆಗೆದುಕೊಂಡೆವು. ಎಣ್ಣೆ ತಲೆ ನೆನಪಿದೆಯಲ್ಲ.

ಪುಟ್ಟಿ ಎರಡು ಸಲ, ತೆಳ್ಳಗೆ. ಒಂದೇ ಸಲ ದಪ್ಪಗೆ ಎಳೆದರೆ ಒಣಗುವಾಗ ಬಿರುಕು ಬಿಡುತ್ತದೆ. 120ರ ಸ್ಯಾಂಡ್ ಪೇಪರಿನಲ್ಲಿ ಒರಟು ತೆಗೆದು, 220ರಲ್ಲಿ ನಯ. ಆಮೇಲೆ ದೀಪ ಆರಿಸಿ ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿಯಬೇಕು. ಹಗಲಲ್ಲಿ ಕಾಣದ ಗೀರು, ಕುಳಿ ಎಲ್ಲ ನೆರಳು ಬಿಟ್ಟು ಹೊರಗೆ ಬರುತ್ತವೆ. ಅವಕ್ಕೆ ಪೆನ್ಸಿಲ್ ಗುರುತು ಹಾಕಿ ತೇಪೆ. ಧೂಳು ಒರೆಸಿ ಪ್ರೈಮರ್ ಒಂದು ಕೋಟ್.

ಕಿಟಕಿಯ ಚೌಕಟ್ಟು, ಸರಳುಗಳ ಮೇಲೆ ಹಳೆಯ ಎನಾಮಲ್ ಇತ್ತು. ಅದನ್ನು ಒಣಗಿದ್ದ ಹಾಗೇ ಉಜ್ಜಬೇಡಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಒಳ್ಳೆಯದು. ನೀರು ಹಚ್ಚಿ, ವಾಟರ್ ಪೇಪರಿನಲ್ಲಿ ಉಜ್ಜಿ, ಆ ಕೆಸರನ್ನು ಪೇಪರಿನಲ್ಲಿ ಸುತ್ತಿ ತೆಗೆದೆವು. ಅಷ್ಟು ಹೊತ್ತು ಅಮ್ಮ ಮತ್ತು ತಮ್ಮನ ಮಗು ಎದುರು ಮನೆಯಲ್ಲಿ.

ಚಾವಣಿ ಪೇಂಟರ್ ಮಾಡಿದರು, ಕತ್ತೆತ್ತಿ ನಿಲ್ಲುವ ಆ ಕೆಲಸ ನಮ್ಮಿಂದ ಆಗುವುದಲ್ಲ. ಗೋಡೆ ನಮ್ಮದು. ಅಂಚು, ಮೂಲೆ, ಸ್ವಿಚ್ ಬೋರ್ಡಿನ ಸುತ್ತ ಎರಡಿಂಚಿನ ಬ್ರಷ್‌ನಲ್ಲಿ ನಾನು, ಹಿಂದೆಯೇ ಒಂಬತ್ತಿಂಚಿನ ರೋಲರ್ ಹಿಡಿದು ತಮ್ಮ. ಬ್ರಷ್ ಹಚ್ಚಿದ್ದು ಒಣಗುವ ಮುಂಚೆ ರೋಲರ್ ಅದರ ಮೇಲೆ ಹಾಯಬೇಕು, ಇಲ್ಲದಿದ್ದರೆ ಗೋಡೆಗೆ ಚೌಕಟ್ಟು ಹಾಕಿದ ಹಾಗಾಗುತ್ತದೆ. ಒಂದು ಗೋಡೆ ಶುರು ಮಾಡಿದರೆ ಮುಗಿಸಿಯೇ ಕಾಫಿ. ಮೊದಲ ಕೋಟ್ ಹಚ್ಚುವಾಗ ಅಮ್ಮ ಬಾಗಿಲಲ್ಲಿ ನಿಂತು "ಇದೇನೇ, ಆ ಹಲಗೆಗಿಂತ ಬೆಳ್ಳಗಿದೆ?" ಅಂದರು. ಎಮಲ್ಷನ್ ಹಸಿಯಿದ್ದಾಗ ಹಾಲು ಬೆರೆತ ಹಾಗೆ ತಿಳಿಯಾಗಿಯೇ ಇರುತ್ತದೆ, ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತದೆ. ಡಬ್ಬಿ ತೆರೆದು ನೋಡಿ ಬಣ್ಣ ತಪ್ಪು ಅಂತ ಅಂಗಡಿಗೆ ಓಡುವ ಮುಂಚೆ ಒಂದು ಗೀಟು ಹಚ್ಚಿ ಒಣಗಿಸಿ ನೋಡಿ. ನಾಲ್ಕು ಗಂಟೆ ಬಿಟ್ಟು ಎರಡನೇ ಕೋಟ್.

ಒಣಗಿ, ಮಂಚ ಒಳಗೆ ಬಂದು, 4000ದ ಎರಡು ದೀಪ ಏರಿದ ಮೇಲೆ ಕೋಣೆ ಈಗ ಹೀಗಿದೆ. ಬೆಳಗ್ಗೆ ತಿಳಿಹಸಿರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬೆಚ್ಚಗಿನ ಬೂದು, ಗೋಡೆಯ ಬುಡದಲ್ಲಿ ಮಾತ್ರ ಒಂದಿಷ್ಟು ಕೆಂಪಿನ ನೆರಳು, ಹುಡುಕಿದರೆ ಕಾಣುವಷ್ಟು. ಸಂಜೆ ಮತ್ತೆ ಹಸಿರು. ಕಿಟಕಿ ಇರುವ ಗೋಡೆ ನಾನು ಅಂದುಕೊಂಡದ್ದಕ್ಕಿಂತ ಮಂಕು. ಜೂನ್‌ನಲ್ಲಿ ಇನ್ನೂ ಮಂಕಾಗುತ್ತದೆ. ಆಗ ಆ ಗೋಡೆಯ ಮೇಲೆ ಇನ್ನೊಂದು ಸಣ್ಣ ದೀಪ ಬೇಕಾಗಬಹುದು ಅಂತ ಸ್ವಿಚ್ ಬೋರ್ಡಿನಿಂದ ವೈರಿಗೆ ಪೈಪ್ ಈಗಲೇ ಎಳೆಸಿಟ್ಟಿದ್ದೇವೆ.

ಅಮ್ಮ ಎಡಗಣ್ಣು ಮುಚ್ಚಿ ಒಂದು ಸಲ, ತೆರೆದು ಒಂದು ಸಲ ನೋಡಿ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್. ಪೇಪರ್ ಓದಲು ಕುರ್ಚಿಯನ್ನು ಕಿಟಕಿಯಿಂದ ಹೊಸ ದೀಪದ ಕೆಳಗೆ ಸರಿಸಿಕೊಂಡಿದ್ದಾರೆ.

ಸುಮಾರು ಮುಕ್ಕಾಲು ಲೀಟರ್ ಉಳಿದಿದೆ. ಗಾಳಿಯಾಡದ ಸಣ್ಣ ಡಬ್ಬಿಗೆ ಸುರಿದು, ಶೇಡ್ ನಂಬರ್, ತಿಂಗಳು ಬರೆದು, ಮಷೀನ್ ಅಂಟಿಸಿದ್ದ ಟಿಂಟ್ ಲೆಕ್ಕದ ಚೀಟಿಯ ಫೋಟೊ ತೆಗೆದಿಟ್ಟಿದ್ದೇನೆ. ಅರ್ಧ ಟಿಂಟಿನ ಆ ಒಂದು ಲೀಟರ್ ಅಟ್ಟದ ಒಳಗೋಡೆಗೆ ಆಯಿತು. ಗಂಧದ ಹಲಗೆಯನ್ನು ತಮ್ಮ ಹಾಲ್‌ನಲ್ಲಿ ಸೋಫಾ ಹಿಂದೆ ನಿಲ್ಲಿಸಿದ್ದಾನೆ, ಹೋದವರು ಬಂದವರನ್ನೆಲ್ಲ ಕೇಳುತ್ತಿದ್ದಾನೆ.